ಕಾರಿನ ಮುಂದಿನ ಗ್ಲಾಸ್ ಬದಲಾಯಿಸುವುದು: ಬಿರುಕಿನಿಂದ ಟೋನ್ ಟೆಸ್ಟ್‌ವರೆಗೆ

ಲಾರಿ ಚಕ್ರದಿಂದ ಹಾರಿದ ಒಂದು ಜಲ್ಲಿಕಲ್ಲು ಸಾಕು, ಮುಂದಿನ ಗ್ಲಾಸ್ ಕಥೆ ಮುಗಿಯಿತು. ಆಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಗ್ಲಾಸ್‌ಗೆ ಎಷ್ಟಾಗುತ್ತೆ?’ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ‘ಅಂಟು ಯಾವುದು? ಒಣಗೋಕೆ ಎಷ್ಟು ಹೊತ್ತು ಬಿಡ್ತೀರಾ?’

ಈಗಿನ ಕಾರುಗಳಲ್ಲಿ ಮುಂದಿನ ಗ್ಲಾಸ್ ಬರೀ ಗಾಳಿ ತಡೆಯುವ ಕಿಟಕಿ ಅಲ್ಲ. ಪಾಲಿಯುರಿಥೇನ್ ಅಂಟಿನಿಂದ ಅದನ್ನು ಕಾರಿನ ಬಾಡಿಯ ಜೊತೆ ಕೂಡಿಸಿರುತ್ತಾರೆ. ಕಾರು ಪಲ್ಟಿಯಾದಾಗ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ಅದಕ್ಕೂ ಪಾಲಿದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಉಬ್ಬಿ, ಗ್ಲಾಸಿಗೆ ಒರಗಿ, ಆಮೇಲೆ ಪ್ರಯಾಣಿಕರ ಕಡೆ ಬರುತ್ತದೆ. ಅಂಟು ಹಸಿಯಾಗಿದ್ದರೆ ಗ್ಲಾಸೇ ಹೊರಗೆ ಹಾರಿ, ಏರ್‌ಬ್ಯಾಗಿಗೆ ಆಸರೆ ಇಲ್ಲದಂತಾಗುತ್ತದೆ. ಹಾಗಾಗಿ ಗ್ಲಾಸ್ ಎಷ್ಟೇ ಒಳ್ಳೆಯದಿರಲಿ, ಕೆಲಸದ ಬೆಲೆ ಇರುವುದು ಅಂಟಿನಲ್ಲಿ.

ನೀವೇ ಮಾಡಿಕೊಳ್ಳುತ್ತೀರೋ, ಮೆಕ್ಯಾನಿಕ್ ಕೈಲಿ ಮಾಡಿಸಿ ಪಕ್ಕದಲ್ಲಿ ನಿಂತು ನೋಡುತ್ತೀರೋ, ಹಂತಗಳು ಒಂದೇ. ಕೊನೆಯಲ್ಲಿ ಇನ್ನೊಂದು ಸಂಗತಿ ಸೇರಿಸಿದ್ದೇನೆ. ಮನೆಯಲ್ಲಿ ಆಡಿಯೋ ಹವ್ಯಾಸ ಇರುವವರ ಹತ್ತಿರ ಟೋನ್ ಜನರೇಟರ್ (ಬೇಕಾದ ಫ್ರೀಕ್ವೆನ್ಸಿಯ ಸದ್ದು ಹೊರಡಿಸುವ ಸಾಧನ), ಪುಟ್ಟ ಆಂಪ್ಲಿಫೈಯರ್ ಸಾಮಾನ್ಯವಾಗಿ ಇರುತ್ತವೆ. ಹೊಸ ಗ್ಲಾಸ್ ಸರಿಯಾಗಿ ಕೂತಿದೆಯೇ ಅಂತ ನೋಡಲು ಅವು ತುಂಬಾ ಚೆನ್ನಾಗಿ ಕೆಲಸಕ್ಕೆ ಬರುತ್ತವೆ.

ಮೊದಲು: ಬದಲಾಯಿಸಲೇಬೇಕಾ?

ಮುಂದಿನ ಗ್ಲಾಸ್ ಅಂದರೆ ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಆ ಪದರ ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ. ಕಲ್ಲು ಬಿದ್ದಾಗ ಬರೀ ಹೊರಗಿನ ಹಾಳೆಗೆ ಪೆಟ್ಟಾಗಿದ್ದರೆ ರೆಸಿನ್ (ಆಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ತುಂಬಿಸಿ ರಿಪೇರಿ ಮಾಡಬಹುದು. 10 ರೂಪಾಯಿ ನಾಣ್ಯ 27 ಮಿ.ಮೀ. ಅಗಲ ಇದೆ. ಪೆಟ್ಟಿನ ಗುರುತು ಅದರೊಳಗೆ ಮುಚ್ಚಿಹೋದರೆ ರಿಪೇರಿಗೆ ಕೇಳಿ ನೋಡಿ. ಗುರುತು ಡ್ರೈವರ್ ಕಣ್ಣಿನ ನೇರಕ್ಕಿದ್ದರೆ, ಅಂಚಿಗೆ ಹತ್ತಿರ ಇದ್ದರೆ, ಅಥವಾ ಒಳಗಿನ ಹಾಳೆಗೂ ಬಿರುಕು ಬಂದಿದ್ದರೆ ಬದಲಾಯಿಸುವುದೇ ದಾರಿ. ಅಂಚಿನ ಬಿರುಕು ನಿಲ್ಲುವುದಿಲ್ಲ, ಒಂದು ಗುಂಡಿ ಹತ್ತಿಳಿದರೆ ಅಡ್ಡಕ್ಕೆ ಓಡುತ್ತದೆ.

ಪೆಟ್ಟಾದ ಕೂಡಲೇ ಅದರ ಮೇಲೆ ಒಂದು ತುಂಡು ಪಾರದರ್ಶಕ ಟೇಪ್ ಅಂಟಿಸಿ. ನೀರು, ಧೂಳು ಒಳಗೆ ಹೋದರೆ ರೆಸಿನ್ ಸರಿಯಾಗಿ ಇಳಿಯುವುದಿಲ್ಲ. ಬಿಸಿಲಲ್ಲಿ ಕಾದ ಗ್ಲಾಸಿಗೆ ತಣ್ಣೀರು ಸುರಿಯಬೇಡಿ, ಎಸಿ ಗಾಳಿಯನ್ನು ನೇರವಾಗಿ ಗ್ಲಾಸಿಗೆ ಬಿಡಬೇಡಿ.

ಇನ್ಶೂರೆನ್ಸ್ ಲೆಕ್ಕ

ಇಲ್ಲಿ ತುಂಬಾ ಜನ ಲೆಕ್ಕ ಹಾಕದೆ ಕ್ಲೇಮ್ ಮಾಡಿಬಿಡುತ್ತಾರೆ. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಳೆಯುವುದಿಲ್ಲ. ಅಂದರೆ ಗ್ಲಾಸಿಗೋಸ್ಕರ ಝೀರೋ ಡೆಪ್ (ಸವಕಳಿ ಕಳೆಯದಿರುವ ಆಡ್-ಆನ್) ಇರಲೇಬೇಕು ಅಂತೇನಿಲ್ಲ. ರಬ್ಬರ್, ಪ್ಲಾಸ್ಟಿಕ್ ಪಟ್ಟಿಗಳಿಗೆ ಮಾತ್ರ ಅರ್ಧ ಕಳೆಯುತ್ತಾರೆ. ಇದರ ಮೇಲೆ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಮೊತ್ತ ಇದೆ: 1500 ಸಿಸಿವರೆಗಿನ ಖಾಸಗಿ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000.

ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಉದಾಹರಣೆಗೆ, ರಿಯಾಯಿತಿಗೆ ಮೊದಲು ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 8000 ರೂಪಾಯಿ, ನೀವು 50 ಪರ್ಸೆಂಟ್ ಬೋನಸ್‌ನಲ್ಲಿದ್ದೀರಿ ಅಂದುಕೊಳ್ಳಿ. ಕ್ಲೇಮ್ ಮಾಡಿದ ಮೇಲೆ ಬೋನಸ್ ಸೊನ್ನೆಗೆ ಬಂದು, ಮುಂದಿನ ವರ್ಷಗಳಲ್ಲಿ 20, 25, 35, 45 ಅಂತ ಹತ್ತಿ ಮತ್ತೆ 50 ಮುಟ್ಟುತ್ತದೆ. ಅಷ್ಟರಲ್ಲಿ ನೀವು ಕಳೆದುಕೊಳ್ಳುವುದು 4000, 2400, 2000, 1200, 400. ಒಟ್ಟು 10,000 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ನಷ್ಟ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಚಿಕ್ಕ ಕಾರಿನ ಗ್ಲಾಸ್ ಇದಕ್ಕಿಂತ ಅಗ್ಗಕ್ಕೆ ಸಿಗುವ ಹಾಗಿದ್ದರೆ ಕೈಯಿಂದ ಕೊಟ್ಟುಬಿಡುವುದೇ ಲಾಭ. ಬೋನಸ್ ಕಾಪಾಡುವ ಆಡ್-ಆನ್ ನಿಮ್ಮ ಪಾಲಿಸಿಯಲ್ಲಿದ್ದರೆ ಮಾತು ಬೇರೆ. ಕ್ಲೇಮ್ ಮಾಡುವುದೇ ಆದರೆ ಗ್ಲಾಸ್ ಬಿಚ್ಚುವ ಮುಂಚೆಯೇ ಕಂಪನಿಗೆ ತಿಳಿಸಿ, ಒಡೆದ ಗ್ಲಾಸ್ ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಹಾಗೆ ಫೋಟೋ ತೆಗೆದಿಡಿ.

ಗ್ಲಾಸ್ ಆರಿಸುವುದು

ಮೂಲೆಯಲ್ಲಿರುವ ಅಚ್ಚು ಓದಿ. ಐಎಸ್‌ಐ ಗುರುತು, ಐಎಸ್ 2553 ಅನ್ನುವ ಸಂಖ್ಯೆ, ಲ್ಯಾಮಿನೇಟೆಡ್ ಅನ್ನುವ ಗುರುತು ಇರಬೇಕು. ಅಸಾಹಿ ಇಂಡಿಯಾ, ಸೇಂಟ್-ಗೋಬೇನ್ ಸೆಕ್ಯುರಿಟ್ ಕಂಪನಿಗಳು ಕಾರು ತಯಾರಕರಿಗೂ ಕೊಡುತ್ತವೆ, ಬಿಡಿಭಾಗದ ಮಾರುಕಟ್ಟೆಗೂ ಕೊಡುತ್ತವೆ. ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ಚೌಕಾಸಿ ಮಾಡುವಾಗ ಬೆಲೆಯ ಜೊತೆ ಈ ಅಚ್ಚನ್ನೂ ನೋಡಿ.

ನಿಮ್ಮ ಹಳೆ ಗ್ಲಾಸಿನಲ್ಲಿ ಏನೇನಿತ್ತು ಅಂತ ಮೊದಲೇ ಪಟ್ಟಿ ಮಾಡಿಕೊಳ್ಳಿ. ಮಳೆ ಸೆನ್ಸರ್, ಕನ್ನಡಿ ಕೂರುವ ಲೋಹದ ಬಿಲ್ಲೆ, ಮೇಲಿನ ಬಣ್ಣದ ಪಟ್ಟಿ, ಕ್ಯಾಮೆರಾ ಕೂರುವ ಬ್ರಾಕೆಟ್. ಹೆಡ್-ಅಪ್ ಡಿಸ್‌ಪ್ಲೇ (ವೇಗದಂಥ ಅಂಕಿಗಳನ್ನು ಗ್ಲಾಸ್ ಮೇಲೆ ತೋರಿಸುವ ವ್ಯವಸ್ಥೆ) ಇರುವ ಕಾರಿನಲ್ಲಿ ನಡುವಿನ ಪ್ಲಾಸ್ಟಿಕ್ ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಮಾಮೂಲಿ ಗ್ಲಾಸ್ ಹಾಕಿಸಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ. ಸದ್ದು ತಗ್ಗಿಸುವ ಅಕೌಸ್ಟಿಕ್ ಪದರ ಇದ್ದ ಕಾರಿಗೆ ಮಾಮೂಲಿಯದು ಹಾಕಿದರೆ ಹೈವೇಯಲ್ಲಿ ಗಾಳಿ ಸದ್ದು ಜಾಸ್ತಿಯಾಗುತ್ತದೆ. ಆಮೇಲೆ ಲೀಕ್ ಅಂತ ಹುಡುಕಿ ಸುಸ್ತಾಗುವುದಕ್ಕಿಂತ ಈಗಲೇ ಕೇಳುವುದು ವಾಸಿ.

ಬೆಳಕಿನ ಲೆಕ್ಕ ಗೊತ್ತಿರಲಿ: ಮುಂದಿನ ಮತ್ತು ಹಿಂದಿನ ಗ್ಲಾಸ್ ಕನಿಷ್ಠ 70 ಪರ್ಸೆಂಟ್, ಪಕ್ಕದವು 50 ಪರ್ಸೆಂಟ್ ಬೆಳಕು ಬಿಡಬೇಕು ಅನ್ನುತ್ತದೆ ಮೋಟಾರು ವಾಹನ ನಿಯಮ.

ಬಿಚ್ಚುವುದು

ವೈಪರ್ ತೋಳುಗಳು, ಅವುಗಳ ಕೆಳಗಿನ ಪ್ಲಾಸ್ಟಿಕ್ ಹೊದಿಕೆ (ಕೌಲ್), ಪಕ್ಕದ ಮೋಲ್ಡಿಂಗ್, ಒಳಗಿನ ಕನ್ನಡಿ, ಎ-ಪಿಲ್ಲರ್ (ಗ್ಲಾಸಿನ ಎರಡೂ ಪಕ್ಕದ ಕಂಬ) ಪಟ್ಟಿಗಳು. ಇದೇ ಕ್ರಮ. ವೈಪರ್ ತೋಳು ಎಲ್ಲಿ ನಿಂತಿತ್ತು ಅಂತ ಗ್ಲಾಸ್ ಮೇಲೆ ಟೇಪ್ ಹಚ್ಚಿ ಫೋಟೋ ತೆಗೆಯಿರಿ. ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವುದು) ಇರುವ ಕಾರಿನಲ್ಲಿ ಎ-ಪಿಲ್ಲರ್ ಪಟ್ಟಿಯ ಹಿಂದೆ ಏರ್‌ಬ್ಯಾಗ್ ಇರುತ್ತದೆ. ಬ್ಯಾಟರಿ ಕನೆಕ್ಷನ್ ತೆಗೆದು, ಕಾರಿನ ಪುಸ್ತಕ ಹೇಳುವಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಿ. ಆ ಪಟ್ಟಿಯ ಕ್ಲಿಪ್‌ಗಳು ಒಮ್ಮೆ ತೆಗೆದರೆ ಹಾಳಾಗುವಂಥವು. ಹೊಸ ಕ್ಲಿಪ್ ತಂದಿಟ್ಟುಕೊಳ್ಳಿ. ಹಳೆಯದನ್ನೇ ಹಾಕುವ ಚಿಕ್ಕ ಜಿಪುಣತನದಿಂದಲೇ ಆಮೇಲೆ ಕಟಕಟ ಸದ್ದು ಶುರುವಾಗುವುದು.

ಬಾನೆಟ್ ಮತ್ತು ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಕಂಬಳಿ ಹೊದಿಸಿ. ಅಂಟು ಕತ್ತರಿಸಲು ಎರಡು ವಿಧಾನ: ಕೋಲ್ಡ್ ನೈಫ್ (ಅಂಟಿನೊಳಗೆ ಎಳೆಯುವ ಕೈಚಾಕು) ಅಥವಾ ತಂತಿ. ಮನೆಯಲ್ಲಿ ಮಾಡುವವರಿಗೆ ತಂತಿ ಒಳ್ಳೆಯದು. ಅಂಟಿನೊಳಗೆ ಒಂದು ತೂತು ಮಾಡಿ ತಂತಿ ತೂರಿಸಿ, ಒಬ್ಬರು ಒಳಗೆ, ಒಬ್ಬರು ಹೊರಗೆ ಕೂತು ಗರಗಸದ ಹಾಗೆ ಎಳೆದಾಡಬೇಕು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ತಂತಿ ತುಂಡಾದರೆ ಮುಖಕ್ಕೇ ಹೊಡೆಯುತ್ತದೆ. ಎತ್ತುವಾಗ ಸಕ್ಷನ್ ಕಪ್ ಹಾಕಿ ಇಬ್ಬರು ಎತ್ತಿ. ಗ್ಲಾಸ್ ಭಾರ ಜಾಸ್ತಿ, ಅದಕ್ಕಿಂತ ಆಕಾರವೇ ತೊಂದರೆ ಕೊಡುವುದು.

ಅಂಚು ಸಿದ್ಧ ಮಾಡುವುದು

ಅವಸರ ಮಾಡುವ ಅಂಗಡಿ ಯಾವುದು, ಕೆಲಸ ಗೊತ್ತಿರುವ ಅಂಗಡಿ ಯಾವುದು ಅಂತ ಈ ಹಂತದಲ್ಲಿ ಗೊತ್ತಾಗುತ್ತದೆ.

ಬಾಡಿಯ ಅಂಚಿನಲ್ಲಿರುವ ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಬಾರದು. 1ರಿಂದ 2 ಮಿ.ಮೀ. ದಪ್ಪ ಉಳಿಯುವಂತೆ ಸಮನಾಗಿ ಸವರಿ. ಹೊಸ ಪಾಲಿಯುರಿಥೇನ್ ಹಿಡಿಯಲು ಆಗಷ್ಟೇ ಕತ್ತರಿಸಿದ ಹಳೆ ಪಾಲಿಯುರಿಥೇನ್‌ಗಿಂತ ಒಳ್ಳೆಯ ತಳ ಇಲ್ಲ. ಕತ್ತರಿಸಿದ ಮೇಲೆ ಅದಕ್ಕೆ ಕೈ ಮುಟ್ಟಿಸಬೇಡಿ, ಚರ್ಮದ ಎಣ್ಣೆ ಸಾಕು ಹಿಡಿತ ಕೆಡಿಸಲು.

ಬ್ಲೇಡ್ ತಾಗಿ ಬಣ್ಣ ಕಿತ್ತು ಲೋಹ ಕಂಡರೆ ಅಲ್ಲಿಗೆ ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ತುಕ್ಕು ಅಂಟಿನ ಕೆಳಗೇ ಹರಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಗ್ಲಾಸ್ ತೆಗೆದಾಗ ಈ ಅಂಚು ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ. ಆಗ ಗ್ಲಾಸ್ ಕೆಲಸ ನಿಲ್ಲಿಸಿ, ತುಕ್ಕು ಉಜ್ಜಿ, ಬಣ್ಣದ ಕೆಲಸ ಮುಗಿಸಿ ಆಮೇಲೆ ಮುಂದುವರಿಯಬೇಕು. ತುಕ್ಕಿನ ಮೇಲೆ ಹಚ್ಚಿದ ಅಂಟು ತುಕ್ಕನ್ನು ಹಿಡಿದಿರುತ್ತದೆ, ಕಾರನ್ನಲ್ಲ.

ಹೊಸ ಗ್ಲಾಸಿನ ಸುತ್ತ ಇರುವ ಕಪ್ಪು ಅಂಚು ಸುಮ್ನೆ ಚೆಂದಕ್ಕಲ್ಲ. ಬಿಸಿಲಿನ ನೇರಳಾತೀತ ಕಿರಣ ಅಂಟನ್ನು ತಿನ್ನದಂತೆ ಅದು ತಡೆಯುತ್ತದೆ. ಆ ಅಂಚನ್ನು ಕ್ಲೀನರ್‌ನಿಂದ ಒರೆಸಿ, ಆಕ್ಟಿವೇಟರ್ (ಅಂಟು ಹಿಡಿಯುವಂತೆ ಗಾಜನ್ನು ಸಿದ್ಧ ಮಾಡುವ ದ್ರವ) ಅಥವಾ ಪ್ರೈಮರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಆರಲು ಬಿಡಿ. ಕ್ಲೀನರ್, ಪ್ರೈಮರ್, ಅಂಟು ಮೂರೂ ಒಂದೇ ಕಂಪನಿಯವಾಗಿರಲಿ. ಅಂಟಿನ ಟ್ಯೂಬ್ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ. ಪಾಲಿಯುರಿಥೇನ್ ಹಳೆಯದಾದರೆ ಟ್ಯೂಬಿನೊಳಗೇ ಗಟ್ಟಿಯಾಗತೊಡಗುತ್ತದೆ.

ಯಾರಾದರೂ ಸಿಲಿಕೋನ್ ಹಚ್ಚಲು ಬಂದರೆ ಅಲ್ಲೇ ತಡೆಯಿರಿ. ಅದು ಬಚ್ಚಲುಮನೆಯ ಸಾಮಾನು. ಗ್ಲಾಸನ್ನು ಹಿಡಿದಿಡುವ ಬಲ ಅದಕ್ಕಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆದರೆ ಆಮ್ಲ ಬಿಟ್ಟು ಲೋಹವನ್ನೂ ತಿನ್ನುತ್ತದೆ. ಒಮ್ಮೆ ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಪಾಲಿಯುರಿಥೇನ್ ಹಿಡಿಯುವುದೂ ಇಲ್ಲ.

ಅಂಟು ಎಳೆದು ಕೂರಿಸುವುದು

ಅಂಟು ಹಾಕುವ ಮುಂಚೆ ಗ್ಲಾಸನ್ನು ಒಮ್ಮೆ ಒಣದಾಗಿ ಇಟ್ಟು ನೋಡಿ. ಎರಡೂ ಪಕ್ಕದ ಸಂದು ಸಮ ಇದ್ದಾಗ ಗ್ಲಾಸಿಗೂ ಬಾಡಿಗೂ ಸೇರುವ ಹಾಗೆ ಟೇಪ್ ಹಚ್ಚಿ, ಸಂದಿನ ಮೇಲೆ ಕತ್ತರಿಸಿ. ಆಮೇಲೆ ಈ ಎರಡು ತುಂಡುಗಳನ್ನು ಎದುರುಬದುರು ಕೂರಿಸಿದರೆ ಜಾಗ ತಪ್ಪುವುದಿಲ್ಲ.

ನಳಿಕೆಯ ತುದಿಯನ್ನು ವಿ ಆಕಾರಕ್ಕೆ ಕತ್ತರಿಸಿ. ಅಂಟು ತ್ರಿಕೋನದ ಗೋಡೆಯಾಗಿ ಎದ್ದು ನಿಲ್ಲಬೇಕು, ಎಲ್ಲೂ ತುಂಡಾಗಬಾರದು. ಶುರುವಾದ ಜಾಗ ಮತ್ತು ಮುಗಿದ ಜಾಗ ಸೇರುವ ಕಡೆ ಸ್ವಲ್ಪ ಮೇಲೆ ಮೇಲೆ ಹಾಯಿಸಿ ಒತ್ತಿ. ಲೀಕ್ ಆಗುವುದು ಜಾಸ್ತಿ ಅಲ್ಲೇ. ಆ ಕೂಡು ಮೂಲೆಯಲ್ಲಿ ಬೇಡ, ಒಂದು ಅಂಚಿನ ನಡುವೆ ಬರಲಿ. ಅಂಟು ಎಳೆದ ಕೆಲವೇ ನಿಮಿಷಗಳಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಅಷ್ಟರೊಳಗೆ ಗ್ಲಾಸ್ ಕೂರಿಸಬೇಕು. ಆ ಹೊತ್ತಿನಲ್ಲಿ ಟೀ ಕುಡಿಯಲು ಹೋಗುವವರನ್ನು ನಂಬಬೇಡಿ.

ಕೂರಿಸಿದ ಮೇಲೆ ಅಂಗೈಯಿಂದ ಸುತ್ತ ಮೆಲ್ಲಗೆ ಒತ್ತಿ, ಜಾರದಂತೆ ಟೇಪ್ ಹಾಕಿ.

ಕಾಯುವುದು

ಈ ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಸುಮಾರು 23 ಡಿಗ್ರಿ ಉಷ್ಣತೆ, 50 ಪರ್ಸೆಂಟ್ ತೇವಾಂಶ ಇದ್ದರೆ ದಿನಕ್ಕೆ 3ರಿಂದ 4 ಮಿ.ಮೀ. ಆಳಕ್ಕೆ ಒಣಗುತ್ತದೆ. ಅಂದರೆ ಒಳಗಿನವರೆಗೆ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಕಾರು ಓಡಿಸಲು ಅಷ್ಟು ಕಾಯಬೇಕಿಲ್ಲ. ಎಷ್ಟು ಹೊತ್ತಿಗೆ ಓಡಿಸಬಹುದು ಅಂತ ಪ್ರತಿ ಅಂಟಿನ ಮಾಹಿತಿ ಹಾಳೆಯಲ್ಲೂ ಬರೆದಿರುತ್ತದೆ. ಬೇಗ ಹಿಡಿಯುವವು ಒಂದು ಗಂಟೆಯೊಳಗೆ ಸಿದ್ಧ, ನಿಧಾನದವು ಹಲವು ಗಂಟೆ ಬೇಡುತ್ತವೆ. ಆ ಹಾಳೆ ತೋರಿಸಿ ಅಂತ ಕೇಳಿ. ‘ಏನಾಗಲ್ಲ ಸಾರ್, ತಗೊಂಡೋಗಿ’ ಅನ್ನುವುದು ಹಾಳೆ ಅಲ್ಲ.

ಒಂದು ತಮಾಷೆ ಅಂದರೆ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಲಬುರಗಿ, ಬಳ್ಳಾರಿಯ ಏಪ್ರಿಲ್ ಗಾಳಿಯಲ್ಲಿ ತೇವವೇ ಇಲ್ಲದಿದ್ದರೆ ಅಂಟಿಗೆ ಬೇಕಾದ ನೀರು ಎಲ್ಲಿಂದ ಬರಬೇಕು? ಕರಾವಳಿಯ ಜಿಗುಟು ಗಾಳಿಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ಹಾಗಂತ ಮಳೆಯಲ್ಲಿ ಬಯಲಿನಲ್ಲಿ ನಿಂತು ಮಾಡಬೇಡಿ. ಅಂಟು ಹಚ್ಚುವ ಜಾಗ ಒಣಗಿರಲೇಬೇಕು.

ಮೊದಲ ದಿನ ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಧಡಾರನೆ ಹಾಕಿದರೆ ಒಳಗಿನ ಗಾಳಿಯ ಒತ್ತಡ ಗ್ಲಾಸನ್ನು ಹೊರಗೆ ದೂಡುತ್ತದೆ. ಟೇಪ್ ಒಂದು ದಿನ ಇರಲಿ. ಎರಡು ದಿನ ಪ್ರೆಷರ್ ವಾಶ್ ಬೇಡ.

ಹಳೆ ಕಾರಿನವರಿಗೆ ಒಂದು ಸುಲಭದ ದಾರಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆ ಜೀಪ್ ಇರುವವರು ಅದೃಷ್ಟವಂತರು. ಅವುಗಳಲ್ಲಿ ಗ್ಲಾಸ್ ರಬ್ಬರ್ ಪಟ್ಟಿಯಲ್ಲಿ ಕೂತಿರುತ್ತದೆ. ಹೊಸ ರಬ್ಬರ್ ತಂದು ಗ್ಲಾಸಿಗೆ ಸುತ್ತಿ, ಅದರ ಹೊರಗಿನ ತೋಡಿನಲ್ಲಿ ನೈಲಾನ್ ಹಗ್ಗ ಇಟ್ಟು, ಎರಡೂ ತುದಿ ಕೆಳಗೆ ನಡುವಿನಲ್ಲಿ ಬರುವಂತೆ ಬಿಡಿ. ಸೋಪಿನ ನೀರು ಹಚ್ಚಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿದ್ದರೆ, ಇನ್ನೊಬ್ಬರು ಒಳಗೆ ಕೂತು ಹಗ್ಗ ಎಳೆಯುತ್ತಾ ಹೋಗಬೇಕು. ರಬ್ಬರಿನ ತುಟಿ ಬಾಡಿಯ ಅಂಚಿನ ಒಳಗೆ ತಾನಾಗಿ ಮಡಚಿಕೊಳ್ಳುತ್ತದೆ. ಭಾನುವಾರ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಹಳೆ ರಬ್ಬರನ್ನೇ ಮತ್ತೆ ಹಾಕುವ ಆಸೆ ಬಿಡಿ, ಮೂಲೆಯಲ್ಲಿ ನೀರು ಬರುತ್ತದೆ.

ಲೀಕ್ ಹುಡುಕುವುದು: ಟೋನ್ ಹೊರಗೆ ತೆಗೆಯಿರಿ

ಎಲ್ಲರೂ ಮಾಡುವುದು ನೀರಿನ ಪರೀಕ್ಷೆ. ಪೈಪಿನ ನೀರನ್ನು ಒತ್ತಡವಿಲ್ಲದೆ ಕೆಳಗಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೇಲಿಂದ ಸುರಿದರೆ ಎಲ್ಲಿ ನುಗ್ಗಿತು ಅಂತ ತಿಳಿಯುವುದಿಲ್ಲ. ಎರಡನೆಯದು ಸೋಪಿನ ಪರೀಕ್ಷೆ: ಕಿಟಕಿ ಮುಚ್ಚಿ, ಬ್ಲೋವರನ್ನು ಹೊರಗಾಳಿ ಎಳೆಯುವ ಮೋಡಿನಲ್ಲಿ ಪೂರ್ತಿ ವೇಗಕ್ಕಿಟ್ಟು, ಗ್ಲಾಸ್ ಅಂಚಿಗೆ ಹೊರಗಿನಿಂದ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ತೂತು.

ಆದರೆ 80 ಕಿ.ಮೀ. ವೇಗದಲ್ಲಿ ಸಿಳ್ಳೆ ಹೊಡೆಯುವ ಕೂದಲೆಳೆ ಸಂದು ಈ ಎರಡಕ್ಕೂ ಸಿಗದೆ ಹೋಗಬಹುದು. ಅಲ್ಲಿ ಸದ್ದು ಗೆಲ್ಲುತ್ತದೆ. ಹೆಚ್ಚು ಫ್ರೀಕ್ವೆನ್ಸಿಯ ಸದ್ದು ಗ್ಲಾಸ್ ಮತ್ತು ತಗಡಿನ ಮೂಲಕ ಸುಲಭವಾಗಿ ಹಾಯುವುದಿಲ್ಲ, ಸಂದಿನಲ್ಲಿ ಮಾತ್ರ ನುಸುಳುತ್ತದೆ. ವರ್ಕ್‌ಶಾಪ್‌ಗಳಲ್ಲಿ ಬಳಸುವ ಅಲ್ಟ್ರಾಸಾನಿಕ್ ಲೀಕ್ ಡಿಟೆಕ್ಟರ್ ಮಾಡುವುದೂ ಇದನ್ನೇ, ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನಲ್ಲಿ.

ಮೊದಲು ಫೋನಿನಿಂದ ಶುರುಮಾಡಿ. ಯಾವುದಾದರೂ ಟೋನ್ ಜನರೇಟರ್ ಆಪ್ ಹಾಕಿಕೊಂಡು, ಪುಟ್ಟ ಸ್ಪೀಕರನ್ನು ಡ್ಯಾಶ್‌ಬೋರ್ಡ್ ಮೇಲೆ ಗ್ಲಾಸಿಗೆ ಮುಖ ಮಾಡಿ ಇಡಿ. ಬ್ಲೋವರ್ ಆಫ್ ಮಾಡಿ, ಒಳಗಾಳಿಯ ಮೋಡಿಗಿಡಿ, ಬಾಗಿಲು ಮುಚ್ಚಿ. ಹೊರಗೆ ಬಂದು, ಅಕ್ವೇರಿಯಂ ಪೈಪಿನ ಒಂದು ತುದಿ ಕಿವಿ ಹತ್ತಿರ ಹಿಡಿದು, ಇನ್ನೊಂದು ತುದಿಯನ್ನು ಗ್ಲಾಸ್ ಅಂಚಿನ ಗುಂಟ ನಿಧಾನಕ್ಕೆ ಸರಿಸಿ. ಲೀಕ್ ಇದ್ದ ಕಡೆ ಸದ್ದು ತಟ್ಟನೆ ಚುರುಕಾಗುತ್ತದೆ.

ಒಂದೇ ಶುದ್ಧ ಟೋನ್ ಬೇಡ. 10 ಕಿಲೋಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಸೆಂ.ಮೀ. ಮುಚ್ಚಿದ ಕಾರಿನೊಳಗೆ ಅದು ಗೋಡೆಯಿಂದ ಗೋಡೆಗೆ ಬಡಿದು, ಕೆಲವು ಜಾಗದಲ್ಲಿ ಜೋರಾಗಿ, ಬೆರಳಗಲದಾಚೆಗೆ ಮೆಲ್ಲಗೆ ಆಗಿ ನಿಲ್ಲುತ್ತದೆ. ಸಂದಿನ ಒಳಬಾಯಿ ಮೆಲ್ಲಗಿನ ಜಾಗದಲ್ಲಿ ಬಿದ್ದರೆ ಲೀಕ್ ಇದ್ದೂ ಕೇಳುವುದಿಲ್ಲ. 8ರಿಂದ 12 ಕಿಲೋಹರ್ಟ್ಸ್ ನಡುವೆ ಬೇಗ ಬೇಗ ಓಲಾಡುವ ಸ್ವೀಪ್ ಹಾಕಿದರೆ ಈ ಸಮಸ್ಯೆ ಇಲ್ಲ. ವಯಸ್ಸಾದ ಕಿವಿಗೆ 12 ಕೇಳಿಸದಿರಬಹುದು, ಆಗ 5ರಿಂದ 8ಕ್ಕೆ ಇಳಿಸಿ. ಅಥವಾ ಇನ್ನೊಂದು ಫೋನಿನಲ್ಲಿ ಸ್ಪೆಕ್ಟ್ರಮ್ ಆಪ್ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರಿದೆ ಅಂತ ತೋರಿಸುವುದು) ತೆರೆದು ಅದರ ಮೈಕನ್ನೇ ಅಂಚಿನಲ್ಲಿ ಸರಿಸಿ. ಕಿವಿಯನ್ನು ಪಳಗಿಸಲು ಮೊದಲು ಒಂದು ಕಿಟಕಿಯನ್ನು ಕೂದಲಷ್ಟು ಇಳಿಸಿ, ಲೀಕ್ ಅಂದರೆ ಹೇಗೆ ಕೇಳುತ್ತದೆ ಅಂತ ನೋಡಿಕೊಳ್ಳಿ. ಬೀದಿ ನಾಯಿಗಳು ಮುಖ ಸಿಂಡರಿಸಿ ನೋಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಸಾಲ್ಡರಿಂಗ್ ಐರನ್ ಹಿಡಿಯುವವರು ಇನ್ನೂ ಮುಂದೆ ಹೋಗಬಹುದು. ಫೋನ್ ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡುವುದರಿಂದ 24ಕ್ಕಿಂತ ಮೇಲೆ ಹೋಗಲಾರದು. 40 ಬೇಕು ಅಂದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಎನ್‌ಇ555 ಟೈಮರ್ ಚಿಪ್ ಮತ್ತು 40 ಕಿಲೋಹರ್ಟ್ಸ್‌ನ ಟ್ರಾನ್ಸ್‌ಡ್ಯೂಸರ್ ಜೋಡಿ (ಒಂದು ಸದ್ದು ಬಿಡುವುದು, ಇನ್ನೊಂದು ಕೇಳುವ ರಿಸೀವರ್) ತನ್ನಿ. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಬೋರ್ಡ್ ಮೂಲೆಯಲ್ಲಿ ಬಿದ್ದಿದ್ದರೆ ಅದರಿಂದಲೇ ಕಿತ್ತುಕೊಳ್ಳಬಹುದು. 555ರ ಲೆಕ್ಕ ಸುಲಭ: 1.44 ಅನ್ನು, ಮೊದಲ ರೆಸಿಸ್ಟರ್ ಮತ್ತು ಎರಡನೆಯದರ ಎರಡರಷ್ಟು ಕೂಡಿ, ಕೆಪ್ಯಾಸಿಟರಿನಿಂದ ಗುಣಿಸಿದ ಮೊತ್ತದಿಂದ ಭಾಗಿಸಿ. ಮೊದಲನೆಯದು 1 ಕಿಲೋಓಮ್, ಎರಡನೆಯದು 17.5 ಕಿಲೋಓಮ್, ಕೆಪ್ಯಾಸಿಟರ್ 1 ನ್ಯಾನೋಫ್ಯಾರಡ್ ಆದರೆ 40 ಕಿಲೋಹರ್ಟ್ಸ್. ಎರಡನೆಯದರ ಜಾಗದಲ್ಲಿ 10 ಕಿಲೋಓಮ್ ರೆಸಿಸ್ಟರ್ ಮತ್ತು 10 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಸಾಲಾಗಿ ಹಾಕಿ, ರಿಸೀವರ್ ಅತಿ ಜೋರಾಗಿ ಸ್ಪಂದಿಸುವ ಕಡೆ ತಿರುಗಿಸಿ ನಿಲ್ಲಿಸಿ.

ರಿಸೀವರ್ ಕಡೆ ಟಿಎಲ್072 ಆಪ್-ಆಂಪ್ ಎರಡು ಹಂತ, ಪ್ರತಿ ಹಂತಕ್ಕೆ 50ರ ಹತ್ತಿರ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು), ಕೊನೆಗೆ ಡಯೋಡ್, ಮಲ್ಟಿಮೀಟರ್. ಮನೆಯಲ್ಲಿ ಎಲ್‌ಎಂ358 ಇದೆ ಅಂತ ಅದನ್ನೇ ಹಾಕಬೇಡಿ. ಅದರ ಗೇನ್ ಬ್ಯಾಂಡ್‌ವಿಡ್ತ್ ಸುಮಾರು 1 ಮೆಗಾಹರ್ಟ್ಸ್. 40 ಕಿಲೋಹರ್ಟ್ಸ್‌ನಲ್ಲಿ ಒಂದು ಹಂತಕ್ಕೆ 25ರ ಆಚೆ ಎಳೆಯುವುದಿಲ್ಲ.

ಲೀಕ್ ಸಿಕ್ಕಿದರೆ ಹೊರಗಿನಿಂದ ಏನನ್ನೋ ಮೆತ್ತಿ ಮುಚ್ಚಲು ಬಿಡಬೇಡಿ. ಮೋಲ್ಡಿಂಗ್ ತೆಗೆದು, ಜಾಗ ಶುಚಿ ಮಾಡಿ, ಅದೇ ಪಾಲಿಯುರಿಥೇನ್ ತುಂಬಬೇಕು. ಉದ್ದಕ್ಕೂ ಹಲವು ಕಡೆ ಸದ್ದು ನುಸುಳುತ್ತಿದ್ದರೆ ಅಂಟೇ ಹಿಡಿದಿಲ್ಲ ಅಂತ ಅರ್ಥ. ಆಗ ಗ್ಲಾಸ್ ಮತ್ತೆ ಕತ್ತರಿಸಿ ಕೂರಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಬಿಲ್ಲಿನ ಮೇಲೆ ಲೀಕ್ ವಾರಂಟಿ ಬರೆಸಿಕೊಳ್ಳಿ ಅನ್ನುವುದು ಇದಕ್ಕೇ.

ಕಟಕಟ, ಫಾಸ್ಟ್‌ಟ್ಯಾಗ್, ಕ್ಯಾಮೆರಾ

ಲೀಕ್ ಇಲ್ಲ, ಆದರೂ ಏನೋ ಗಿರಗಿರ ಅನ್ನುತ್ತಿದೆ. ಸಾಮಾನ್ಯವಾಗಿ ಅದು ಎ-ಪಿಲ್ಲರ್ ಪಟ್ಟಿ ಅಥವಾ ಕೌಲ್. ಅಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ 40ರಿಂದ 200 ಹರ್ಟ್ಸ್‌ವರೆಗೆ ಏರುವ ಒಂದು ನಿಮಿಷದ ಟೋನ್ (ಚರ್ಪ್) ತಯಾರಿಸಿ ಪೆನ್‌ಡ್ರೈವಿಗೆ ಹಾಕಿ, ಕಾರಿನ ಸ್ಟೀರಿಯೋದಲ್ಲೇ ಹದವಾದ ವಾಲ್ಯೂಮಿನಲ್ಲಿ ನುಡಿಸಿ. ಯಾವುದೋ ಒಂದು ಫ್ರೀಕ್ವೆನ್ಸಿಗೆ ಆ ಪಟ್ಟಿ ನಡುಗುತ್ತದೆ. ಅದೇ ಫ್ರೀಕ್ವೆನ್ಸಿಯ ಟೋನನ್ನು ಬಿಡದೆ ನುಡಿಸುತ್ತಾ, ಒಂದೊಂದೇ ಪಟ್ಟಿಯನ್ನು ಕೈಯಲ್ಲಿ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದರ ಹಿಂದೆ ಹೊಸ ಕ್ಲಿಪ್, ಜೊತೆಗೆ ಸ್ವಲ್ಪ ಫೆಲ್ಟ್ ಟೇಪ್.

ಹಳೆ ಫಾಸ್ಟ್‌ಟ್ಯಾಗ್ ಕಿತ್ತು ಹೊಸ ಗ್ಲಾಸಿಗೆ ಅಂಟಿಸುವ ಪ್ರಯತ್ನ ಬೇಡ. ಕಿತ್ತರೆ ಹಾಳಾಗುವಂತೆಯೇ ಅದನ್ನು ಮಾಡಿರುತ್ತಾರೆ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸಿಕೊಳ್ಳಿ. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈಯಲ್ಲಿ ಹೇಳಿದೆ.

ಕನ್ನಡಿಯ ಹಿಂದೆ ಅಡಾಸ್ (ಲೇನ್, ಮುಂದಿನ ವಾಹನ ನೋಡಿ ಡ್ರೈವರಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಇರುವ ಎಕ್ಸ್‌ಯುವಿ700, ಆಸ್ಟರ್‌ನಂಥ ಕಾರುಗಳಿಗೆ ಇನ್ನೊಂದು ಕೆಲಸ ಬಾಕಿ ಇದೆ. ಕ್ಯಾಮೆರಾ ಕೂದಲಷ್ಟು ಓರೆಯಾದರೂ ದೂರದಲ್ಲಿರುವ ಲೇನ್ ಮತ್ತು ವಾಹನವನ್ನು ಅದು ತಪ್ಪು ಜಾಗದಲ್ಲಿ ಕಾಣುತ್ತದೆ. ಗ್ಲಾಸ್ ಬದಲಾದ ಮೇಲೆ ಕ್ಯಾಲಿಬ್ರೇಷನ್ (ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವುದು) ಮಾಡಿಸಿ, ಅದರ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. ಕಾರಿನ ಮುಂದೆ ಗುರುತಿನ ಹಲಗೆ ಇಟ್ಟು ಮಾಡುವ ವಿಧಾನ ಒಂದು, ರಸ್ತೆಯಲ್ಲಿ ಓಡಿಸಿ ಮಾಡುವುದು ಇನ್ನೊಂದು. ನಿಮ್ಮ ಮಾಡೆಲ್‌ಗೆ ಯಾವುದು ಬೇಕು ಅಂತ ಗ್ಲಾಸ್ ಆರ್ಡರ್ ಮಾಡುವ ದಿನವೇ ಕೇಳಿಡಿ. ಎಷ್ಟೋ ಗ್ಲಾಸ್ ಅಂಗಡಿಗಳಲ್ಲಿ ಅದಕ್ಕೆ ಬೇಕಾದ ಸಲಕರಣೆ ಇರುವುದಿಲ್ಲ.